ಮೀನು ಮಂಕಾಗಿದೆಯೇ? ಔಷಧಿಗೆ ಮೊದಲು ನೀರು ನೋಡಿ

ಮೀನು ಸಾಕುವ ಪರಿಚಯದವರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: "ಯಾವ ಔಷಧಿ ಹಾಕಲಿ?" ನನ್ನ ಮರುಪ್ರಶ್ನೆಯೂ ಒಂದೇ: "ಅಮೋನಿಯಾ ಎಷ್ಟಿದೆ?" ಅಷ್ಟಕ್ಕೆ ಆ ಕಡೆ ಮಾತು ನಿಲ್ಲುತ್ತದೆ. ಅಮೋನಿಯಾ ಅಂದರೆ ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ. ಮೀನು ತಾನು ಹೊರಹಾಕಿದ ಹೊಲಸಿನ ನಡುವೆಯೇ ಉಸಿರಾಡಬೇಕು. ಅದಕ್ಕೆ ಬೇರೆ ದಾರಿ ಇಲ್ಲ. ಆದ್ದರಿಂದಲೇ ತೊಟ್ಟಿಯ ಮೀನಿಗೆ ಬರುವ ತೊಂದರೆಗಳಲ್ಲಿ ಬಹುಪಾಲು ನೀರಿನಿಂದ ಶುರುವಾಗುತ್ತವೆ, ರೋಗ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಆಮೆ, ಹರ್ಮಿಟ್ ಕ್ರ್ಯಾಬ್ (ಶಂಖದೊಳಗೆ ಬದುಕುವ ನೆಲದ ಏಡಿ), ಬಸವನಹುಳುಗಳ ಮಟ್ಟಿಗೂ ಇದೇ ಮಾತು. ಪ್ರಾಣಿಯನ್ನು ಪರೀಕ್ಷಿಸುವ ಮೊದಲು ಅದು ಬದುಕುತ್ತಿರುವ ಪೆಟ್ಟಿಗೆಯನ್ನು ಪರೀಕ್ಷಿಸಬೇಕು.

ಇದಕ್ಕೆ ಬೇಕಾದ ಸಾಮಾನು ಕಡಿಮೆ. ಒಂದು ಥರ್ಮಾಮೀಟರ್, ಅಮೋನಿಯಾ, ಅದರಿಂದ ಹುಟ್ಟುವ ನೈಟ್ರೈಟ್, ನೈಟ್ರೇಟ್, ಜೊತೆಗೆ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ನೋಡುವ ಹನಿ ಹಾಕುವ ಟೆಸ್ಟ್ ಕಿಟ್, ಒಂದು ಟಾರ್ಚ್, ಸೋಪು ತಾಗದ ಒಂದು ಬಕೆಟ್. ಕಾಗದದ ಪಟ್ಟಿ ಅದ್ದಿ ನೋಡುವ ಕಿಟ್ ಅಷ್ಟು ನಿಖರವಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು.

ಕೈ ಒದ್ದೆ ಮಾಡಿಕೊಳ್ಳುವ ಮೊದಲು ಕರೆಂಟಿನ ವಿಷಯ. ತೊಟ್ಟಿಯೊಳಗೆ ಕೈ ಹಾಕುವಾಗ ಹೀಟರ್, ಫಿಲ್ಟರ್, ಲೈಟ್ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಹೀಟರಿನ ಪ್ಲಗ್ ಕಿತ್ತ ಮೇಲೂ ಹದಿನೈದು ನಿಮಿಷ ಅದು ನೀರಿನಲ್ಲೇ ಆರಲಿ. ಬಿಸಿ ಇರುವಾಗಲೇ ನೀರಿನಿಂದ ಹೊರಗೆ ಬಂದರೆ ಗಾಜು ಬಿರಿಯುತ್ತದೆ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುವಂತಿರಲಿ, ವೈರಿನ ಗುಂಟ ಇಳಿಯುವ ನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ನೀರು ಮುಟ್ಟಿದಾಗ ಜುಮ್ ಅಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಆ ಸಾಲಿನ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ.

ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ

ಮೊದಲು ಮೀನು ಯಾವುದು ಅಂತ ನೋಡಿ. ಫೈಟರ್ (ಬೆಟಾ), ಗುರಾಮಿ ಇವೆಲ್ಲ ಹುಟ್ಟಾ ಮೇಲಿನ ಗಾಳಿ ಕುಡಿಯುವ ಮೀನುಗಳು. ಅವು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಇಳಿದರೆ ಅದು ರೋಗವಲ್ಲ. ಕೋರಿಡೊರಸ್ ಕೂಡ ತಳದಿಂದ ಬಾಣದಂತೆ ಮೇಲೇರಿ ಮರಳುತ್ತದೆ. ಚಿಂತೆ ಮಾಡಬೇಕಾದ್ದು ಗೋಲ್ಡ್ ಫಿಶ್, ಗಪ್ಪಿ, ಟೆಟ್ರಾದಂಥವು ನೀರಿನ ಮೇಲ್ಮೈಗೆ ಅಂಟಿಕೊಂಡು ಅಲ್ಲೇ ನಿಂತಾಗ, ಅಥವಾ ಫಿಲ್ಟರಿನ ನೀರು ಬೀಳುವ ಜಾಗದಲ್ಲಿ ಗುಂಪುಗಟ್ಟಿದಾಗ.

ಎಷ್ಟು ಹೊತ್ತಿನಲ್ಲಿ ಹೀಗಾಗುತ್ತಿದೆ ಅನ್ನುವುದೇ ದೊಡ್ಡ ಸುಳಿವು. ಬೆಳಗಿನ ಜಾವ ಜೋರಾಗಿದ್ದು ಹೊತ್ತೇರಿದಂತೆ ಕಡಿಮೆಯಾದರೆ ಆಮ್ಲಜನಕದ ಕೊರತೆ. ರಾತ್ರಿ ಗಿಡ, ಪಾಚಿ ಕೂಡ ಆಮ್ಲಜನಕವನ್ನೇ ಬಳಸುತ್ತವೆ. ಬಿಸಿಲು ಹೆಚ್ಚಿದ ದಿನಗಳಲ್ಲಿ ಇದು ಇನ್ನೂ ಕಷ್ಟ: 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ. ಏರ್ ಪಂಪ್ ಹಾಕಿ, ಅಥವಾ ಫಿಲ್ಟರಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಅಲುಗಾಡುವಂತೆ ಮಾಡಿ. ಗಾಳಿ ಸೇರುವುದು ಗುಳ್ಳೆಯಿಂದ ಅನ್ನುವುದಕ್ಕಿಂತ ಅಲುಗಾಡುವ ಮೇಲ್ಮೈಯಿಂದ. ಅಲ್ಲಿ ಎಣ್ಣೆಯಂಥ ಪೊರೆ ಕಟ್ಟಿದ್ದರೆ ಟಿಶ್ಯೂ ಕಾಗದ ಹಾಸಿ ಎಳೆದು ತೆಗೆಯಿರಿ.

ಅರ್ಧ ಗಂಟೆಯಲ್ಲಿ ಮೀನು ಕೆಳಗಿಳಿದರೆ ಉತ್ತರ ಸಿಕ್ಕಿತು. ಹೊತ್ತು ಗೊತ್ತಿಲ್ಲದೆ ದಿನವಿಡೀ ಬಾಯಿ ಬಿಡುತ್ತಿದ್ದರೆ, ಗಾಳಿ ಕೊಟ್ಟರೂ ಸುಧಾರಿಸದಿದ್ದರೆ ಅಮೋನಿಯಾ, ನೈಟ್ರೈಟ್ ನೋಡಿ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ, ಆಗ ಕಿವಿರು ಕೆಂಪು ಹೋಗಿ ಕಂದಾಗುತ್ತದೆ. ನೀರಿನಲ್ಲಿ ಗಾಳಿ ಬೇಕಾದಷ್ಟಿದ್ದರೂ ಮೀನು ಉಸಿರು ಕಟ್ಟಿ ಒದ್ದಾಡುವುದು ಹೀಗೆ.

ಹೊಸ ತೊಟ್ಟಿ, ಮೀನು ಬಿಟ್ಟು ಒಂದೆರಡು ವಾರ, ಒಂದೊಂದಾಗಿ ಸಾಯುತ್ತಿವೆ

ಇಲ್ಲಿ "ಮೀನೇ ಸರಿಯಿರಲಿಲ್ಲ" ಅಂತ ಅಂಗಡಿಯವರನ್ನು ದೂರುವುದು ಸುಲಭ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಮೊದಲ ಅನುಮಾನ ತೊಟ್ಟಿಯ ಮೇಲೇ ಇರಲಿ.

ಮೀನಿನ ಹೊಲಸು, ಮಿಕ್ಕ ಆಹಾರ ಎರಡೂ ಅಮೋನಿಯಾ ಆಗುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ಕಾಟ ಕಡಿಮೆ, ವಾರವಾರ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿನ ಮೇಲೆಲ್ಲ ಕೂತು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೊಸ ತೊಟ್ಟಿಯಲ್ಲಿ ಅದು ಇರುವುದೇ ಇಲ್ಲ. ನೀರು ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ, ಮೀನು ಮಾತ್ರ ಸಾಯುತ್ತದೆ.

ಕಿಟ್ ತೋರಿಸಿದ್ದನ್ನು ಓದುವುದು ಹೀಗೆ. ಅಮೋನಿಯಾ ಏರುತ್ತಿದೆ, ನೈಟ್ರೈಟ್ ಸೊನ್ನೆ: ತೊಟ್ಟಿ ಇನ್ನೂ ಮೊದಲ ಮೆಟ್ಟಿಲಿನಲ್ಲಿದೆ. ಅಮೋನಿಯಾ ಇಳಿದು ನೈಟ್ರೈಟ್ ಏರಿದೆ: ಅರ್ಧ ದಾರಿ ಆಯಿತು, ಆದರೆ ಅಪಾಯ ಹೋಗಿಲ್ಲ. ಎರಡೂ ಸೊನ್ನೆಯಾಗಿ ನೈಟ್ರೇಟ್ ಕಾಣಿಸಿಕೊಂಡಿದೆ: ತೊಟ್ಟಿ ಹದಕ್ಕೆ ಬಂತು. ಪಿಎಚ್ ಕೂಡ ಬರೆದಿಟ್ಟುಕೊಳ್ಳಿ. ಅಮೋನಿಯಾ ಅಷ್ಟೇ ಇದ್ದರೂ ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷದ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ.

ಮಾಡಬೇಕಾದ್ದು: ಆಹಾರ ಅರ್ಧಕ್ಕಿಂತ ಕಡಿಮೆ ಮಾಡಿ, ಒಂದೆರಡು ದಿನ ಕೊಡದಿದ್ದರೂ ಆರೋಗ್ಯವಂತ ದೊಡ್ಡ ಮೀನಿಗೆ ಏನೂ ಆಗದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಅಂತ ಕಿಟ್ ತೋರಿಸುವವರೆಗೂ ದಿನಕ್ಕೆ ಕಾಲು ಭಾಗದಷ್ಟು ನೀರು ಬದಲಿಸಿ. ಹೊಸ ಮೀನು ಮಾತ್ರ ತರಬೇಡಿ. ಸತ್ತ ಮೀನಿನ ಜಾಗಕ್ಕೆ ಇನ್ನೊಂದು ತಂದು ಬಿಡುವುದೇ ಈ ಕಾಯಿಲೆ ತಿಂಗಳುಗಟ್ಟಲೆ ಎಳೆಯಲು ಕಾರಣ. ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ತೊಟ್ಟಿ ಇರುವ ಗೆಳೆಯರು ಇದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಬಾಟಲಿಯಲ್ಲಿ ಮಾರುವ ಯಾವುದಕ್ಕಿಂತಲೂ ನಾನು ಅದನ್ನೇ ನಂಬುತ್ತೇನೆ.

ಹಳೆ ತೊಟ್ಟಿ ಚೆನ್ನಾಗಿತ್ತು, ಹೊಸ ಮೀನು ಬಂದ ಮೇಲೆ ತೊಂದರೆ

ಹೊಸಬನೊಬ್ಬನೇ ಮೂಲೆಯಲ್ಲಿ ಮಂಕಾಗಿದ್ದು ಮಿಕ್ಕವು ಆರಾಮಾಗಿದ್ದರೆ ಅದು ಪ್ರಯಾಣದ ಆಘಾತ ಇರಬಹುದು, ಇಲ್ಲವೇ ಹಳಬರ ಕಿರುಕುಳ. ಲೈಟ್ ಆರಿಸಿ, ಅಡಗಲು ಜಾಗ ಕೊಡಿ. ಅಟ್ಟಿಸಿಕೊಂಡು ಹೋಗುವ ಮೀನು ಒಂದೇ ಇದ್ದರೆ ಅದನ್ನೇ ಎರಡು ದಿನ ಬೇರೆ ಇಟ್ಟು, ಒಳಗಿನ ಕಲ್ಲು ಗಿಡಗಳ ಜಾಗ ಬದಲಿಸಿ ಮರಳಿ ಬಿಡಿ. ತನ್ನದೆಂದು ಕಾಯುತ್ತಿದ್ದ ಗಡಿ ಕಾಣದಾದರೆ ಜಗಳದ ಕಾವು ಎಷ್ಟೋ ಇಳಿಯುತ್ತದೆ.

ಹೊಸಬ ಬಂದ ಒಂದೆರಡು ವಾರದಲ್ಲಿ ಹಳೆಯವುಗಳಿಗೇ ಕಾಯಿಲೆ ಬಂದರೆ ಅದು ಹೊಸಬ ಹೊತ್ತು ತಂದದ್ದು. ಇದಕ್ಕೆ ಮದ್ದಿಗಿಂತ ತಡೆಯೇ ಸುಲಭ. ಹೊಸ ಮೀನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿರಲಿ. ತಂದ ಚೀಲವನ್ನು ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ ಬಿಸಿ ಸಮ ಮಾಡಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಚೀಲದ ನೀರು ಚೆಲ್ಲಿ. ದೂರದಿಂದ ಬಹಳ ಹೊತ್ತು ಚೀಲದಲ್ಲಿ ಬಂದ ಮೀನಿದ್ದರೆ ಚೀಲ ಬಿಚ್ಚಿ ಕಾಯುತ್ತ ಕೂರಬೇಡಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಮೋನಿಯಾ ತೆಪ್ಪಗಿರುತ್ತದೆ. ಬಾಯಿ ಬಿಚ್ಚಿದೊಡನೆ ಅನಿಲ ಹಾರಿ ಪಿಎಚ್ ಏರುತ್ತದೆ, ಅದುವರೆಗೆ ಸುಮ್ಮನಿದ್ದ ಅಮೋನಿಯಾ ಆಗ ವಿಷವಾಗುತ್ತದೆ.

ನೀರು ಬದಲಿಸಿದ ದಿನವೇ ಮೀನು ಹುಚ್ಚೆದ್ದು ಓಡಾಡುತ್ತಿವೆ ಅಥವಾ ತಳ ಹಿಡಿದಿವೆ

ಸಾಮಾನ್ಯ ಕಾರಣ ನಲ್ಲಿ ನೀರಿನ ಕ್ಲೋರಿನ್. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ನಲ್ಲಿ ನೀರಿಗೆ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು) ಹಾಕುವ ಕಡೆ ಹಾಗೆ ಇಟ್ಟು ಪ್ರಯೋಜನವಿಲ್ಲ, ಆಂಟಿ-ಕ್ಲೋರಿನ್ ದ್ರಾವಣ ಬೇಕು, ಅದೂ ಕ್ಲೋರಮೈನಿಗೂ ಆಗುತ್ತದೆ ಅಂತ ಲೇಬಲ್ ಮೇಲೆ ಬರೆದಿರುವುದು. ದ್ರಾವಣ ಈಗಲೇ ಇದ್ದರೆ ಇಡೀ ತೊಟ್ಟಿಯ ಅಳತೆಗೆ ಹಾಕಿ, ಗಾಳಿ ಹೆಚ್ಚಿಸಿ. ಎರಡನೆಯದು ಬಿಸಿಯ ವ್ಯತ್ಯಾಸ. ಹೊಸ ನೀರಿಗೂ ತೊಟ್ಟಿಗೂ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳಿ.

ಮೂರನೆಯದನ್ನು ಯಾರೂ ಊಹಿಸುವುದಿಲ್ಲ. ತಿಂಗಳುಗಟ್ಟಲೆ ನೀರೇ ಬದಲಿಸದ ತೊಟ್ಟಿಯಲ್ಲಿ ಪಿಎಚ್ ನಿಧಾನಕ್ಕೆ ಕುಸಿದಿರುತ್ತದೆ, ಮೀನು ಅದಕ್ಕೆ ಒಗ್ಗಿರುತ್ತದೆ. ಒಂದು ಭಾನುವಾರ ಉಮೇದಿನಿಂದ ಮುಕ್ಕಾಲು ನೀರು ತೆಗೆದು ಹೊಸದು ತುಂಬಿದರೆ ಅಷ್ಟೇ, ಶುದ್ಧ ನೀರೇ ಹೊಡೆತವಾಗುತ್ತದೆ. ಅಂಥ ತೊಟ್ಟಿಗೆ ಹತ್ತನೇ ಒಂದು ಪಾಲಿನಂತೆ, ದಿನ ಬಿಟ್ಟು ದಿನ.

ನೀರಿನ ಬಣ್ಣ ಕೆಟ್ಟಿದೆ

ಹಾಲು ಬೆರೆಸಿದಂತೆ ಬೆಳ್ಳಗೆ: ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿವೆ. ಹೊಸ ತೊಟ್ಟಿಯಲ್ಲಿ ತಾನಾಗಿ ಇಳಿಯುತ್ತದೆ, ಹಳೆಯದಾದರೆ ಎಲ್ಲೋ ಆಹಾರ ಅಥವಾ ಸತ್ತ ಮೀನು ಕೊಳೆಯುತ್ತಿದೆ, ಹುಡುಕಿ. ಹಸಿರು: ತೇಲುವ ಪಾಚಿ, ಬೆಳಕು ಜಾಸ್ತಿ. ಕಿಟಕಿಯ ಬಿಸಿಲು ತಪ್ಪಿಸಿ, ಲೈಟ್ ದಿನಕ್ಕೆ ಆರೇಳು ಗಂಟೆಗೆ ಇಳಿಸಿ. ಚಹಾದ ಬಣ್ಣ: ಒಳಗಿಟ್ಟ ಮರದ ತುಂಡಿನ ಸತ್ವ, ತೊಂದರೆ ಇಲ್ಲ.

ಮೈಮೇಲೆ ಬಿಳಿ ಚುಕ್ಕೆ

ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಉಪ್ಪಿನ ಹರಳು ಉದುರಿಸಿದಂತೆ ಒಂದೊಂದೂ ಬಿಡಿಬಿಡಿಯಾಗಿ, ರೆಕ್ಕೆಯ ಮೇಲೂ ಮೈಮೇಲೂ ಎದ್ದು ಕಂಡರೆ ಅದು ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಮೀನು ಕಲ್ಲಿಗೆ ಮೈ ಉಜ್ಜುತ್ತಿರುತ್ತದೆ. ಚುಕ್ಕೆ ಬಿಡಿಯಾಗಿರದೆ ಹಳದಿ ಮಿರುಗುವ ಧೂಳಿನಂತಿದ್ದರೆ ಅದು ವೆಲ್ವೆಟ್, ಇನ್ನೂ ಬೇಗ ಕೊಲ್ಲುವ ರೋಗ. ಬೂಷ್ಟಿನ ಹತ್ತಿಯಂತೆ ಜೋತಿದ್ದರೆ ಗಾಯದ ಮೇಲೆ ಶಿಲೀಂಧ್ರ. ಇನ್ನು ಗೋಲ್ಡ್ ಫಿಶ್ ಗಂಡಿನ ಕಿವಿರಿನ ಮುಚ್ಚಳದ ಮೇಲೂ ಎದೆಯ ರೆಕ್ಕೆಯ ಮುಂಗಂಚಿನಲ್ಲೂ ಮಾತ್ರ ಸಾಲಾಗಿ ಬಿಳಿ ಗುಳ್ಳೆ ಇದ್ದರೆ ಅದು ರೋಗವೇ ಅಲ್ಲ, ಬೆದೆಯ ಗುರುತು. ಇದಕ್ಕೆ ಔಷಧಿ ಕುಡಿದ ಗೋಲ್ಡ್ ಫಿಶ್‌ಗಳು ಎಷ್ಟಿವೆಯೋ!

ಇಕ್‌ನಲ್ಲಿ ಜನ ಎಡವುವುದು ಚಿಕಿತ್ಸೆಯ ಅವಧಿಯಲ್ಲಿ. ಚುಕ್ಕೆಯೊಳಗಿನ ಪರೋಪಜೀವಿಗೆ ಮೀನಿನ ಚರ್ಮವೇ ಕವಚ, ಔಷಧಿ ತಾಗುವುದಿಲ್ಲ. ಬಲಿತ ಮೇಲೆ ಅದು ಉದುರಿ ತಳ ಸೇರಿ, ಒಡೆದು ನೂರಾರು ಮರಿಗಳಾಗಿ ಈಜುತ್ತ ಮತ್ತೆ ಮೀನನ್ನು ಹುಡುಕುತ್ತದೆ. ಔಷಧಿ ಕೊಲ್ಲುವುದು ಆ ಈಜುವ ಮರಿಗಳನ್ನು ಮಾತ್ರ. ಮೂರನೇ ದಿನ ಚುಕ್ಕೆ ಮಾಯವಾಯಿತು ಅಂತ ನಿಲ್ಲಿಸಿದರೆ ಮುಂದಿನ ವಾರ ಇಮ್ಮಡಿಯಾಗಿ ಬರುತ್ತದೆ. ಲೇಬಲ್ ಹೇಳಿದಷ್ಟು ದಿನ ಪೂರ್ತಿ ಹಾಕಿ. ನೀರು ಬೆಚ್ಚಗಿದ್ದಷ್ಟೂ ಈ ಸುತ್ತು ಬೇಗ ಮುಗಿಯುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ. ಬಿಸಿ ಏರಿಸುವುದಾದರೆ ನಿಮ್ಮ ಮೀನು ತಡೆಯುವ ಮಟ್ಟದೊಳಗೆ, ನಿಧಾನಕ್ಕೆ, ಗಾಳಿಯನ್ನೂ ಹೆಚ್ಚಿಸುತ್ತ.

ಔಷಧಿ ಹಾಕುವ ಮುನ್ನ ಫಿಲ್ಟರಿನ ಇದ್ದಿಲು ತೆಗೆಯಿರಿ, ಇಲ್ಲದಿದ್ದರೆ ಅದೇ ಔಷಧಿ ಹೀರಿಕೊಳ್ಳುತ್ತದೆ. ತಾಮ್ರ ಇರುವ ಔಷಧಿ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಹಸಿರು, ನೀಲಿ ಬಣ್ಣದ ಔಷಧಿಗಳಿಗೆ ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತಿಡಿ. ಎರಡು ಔಷಧಿ ಒಟ್ಟಿಗೆ ಬೇಡ.

ವಾಲುತ್ತಿದೆ, ತಲೆಕೆಳಗಾಗಿದೆ, ತೇಲುತ್ತಿದೆ

ದುಂಡು ಮೈಯ ಗೋಲ್ಡ್ ಫಿಶ್, ಫೈಟರ್‌ಗಳಲ್ಲಿ ಹೆಚ್ಚು. ನೀರು ಸರಿಯಿದ್ದರೆ ಎರಡು ಮೂರು ದಿನ ಉಪವಾಸ ಹಾಕಿ. ಇದು ಪುಕ್ಕಟೆ ಮದ್ದು, ಹೊಟ್ಟೆ ಕಟ್ಟಿದ್ದರೆ ಇಷ್ಟಕ್ಕೇ ಬಿಡುತ್ತದೆ. ಆಮೇಲೆ ಗೋಲ್ಡ್ ಫಿಶ್‌ಗೆ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯ ಚೂರು ಕೊಡಬಹುದು. ತೇಲುವ ಆಹಾರ ನುಂಗುವಾಗ ಗಾಳಿಯೂ ಒಳಗೆ ಹೋಗುತ್ತದೆ, ಮುಳುಗುವ ಬಗೆಗೆ ಬದಲಿಸಿ. ವಾರ ಕಳೆದರೂ ಹಾಗೇ ಇದ್ದರೆ ಗಾಳಿಚೀಲದ ಸೋಂಕೋ ಹುಟ್ಟು ದೋಷವೋ ಇರುತ್ತದೆ, ಮನೆಯಲ್ಲಿ ಪತ್ತೆಯಾಗದು.

ರೆಕ್ಕೆ ಹರಿದಿದೆ

ಅಂಚು ನೀಟಾಗಿ ತುಂಡಾಗಿದ್ದರೆ ಯಾವುದೋ ಮೀನು ಕಚ್ಚಿದೆ. ಅಂಚು ಬೆಳ್ಳಗೆ ಅಥವಾ ಕೆಂಪಾಗಿ ದಿನದಿನಕ್ಕೆ ಒಳಕ್ಕೆ ತಿನ್ನುತ್ತ ಬಂದರೆ ರೆಕ್ಕೆ ಕೊಳೆತ, ಅದರ ಹಿಂದೆ ಸಾಮಾನ್ಯವಾಗಿ ಕೆಟ್ಟ ನೀರು. ನೀರು ಸರಿಪಡಿಸಿದ ಮೇಲೂ ಬುಡದತ್ತ ಹಬ್ಬುತ್ತಿದ್ದರೆ ಮಾತ್ರ ಔಷಧಿಯ ಮಾತು.

ಹೊಟ್ಟೆ ಊದಿ ಹುರುಪೆಗಳು ಸೆಟೆದು ನಿಂತಿವೆ

ಮೇಲಿನಿಂದ ನೋಡಿದರೆ ಗೊತ್ತಾಗುತ್ತದೆ. ಇದು ಒಂದು ರೋಗದ ಹೆಸರಲ್ಲ, ಮೂತ್ರಪಿಂಡ ಸೋತು ಮೈಯಲ್ಲಿ ನೀರು ನಿಂತಿರುವ ಲಕ್ಷಣ. ಈ ಹಂತದಲ್ಲಿ ಉಳಿಯುವ ಮೀನು ಕಡಿಮೆ. ಬೇರೆ ಮಾಡಿ, ಮೀನು ನೋಡುವ ಪಶುವೈದ್ಯರು ಸಿಕ್ಕರೆ ತೋರಿಸಿ, ಕಂಡ ಕಂಡ ಆಂಟಿಬಯೋಟಿಕ್ ತಂದು ಸುರಿಯಬೇಡಿ. ಅದು ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಂದು ಮಿಕ್ಕ ಮೀನುಗಳಿಗೂ ಕುತ್ತು ತರುತ್ತದೆ.

ಫಿಲ್ಟರ್ ಗರಗರ ಅನ್ನುತ್ತಿದೆ, ನೀರು ಬರುತ್ತಿಲ್ಲ

ನೀರಿನ ಮಟ್ಟ ಇಳಿದು ಗಾಳಿ ಎಳೆಯುತ್ತಿದೆಯೇ ನೋಡಿ, ತುಂಬಿದರೆ ಸದ್ದು ನಿಲ್ಲುತ್ತದೆ. ಇಲ್ಲದಿದ್ದರೆ ಪ್ಲಗ್ ಕಿತ್ತು, ತಿರುಗುವ ಚಕ್ರ (ಇಂಪೆಲ್ಲರ್) ಹೊರತೆಗೆಯಿರಿ. ಅದರ ಸುತ್ತ ಗಿಡದ ನಾರು, ಮರಳಿನ ಕಣ, ಕೆಲವೊಮ್ಮೆ ಪುಟ್ಟ ಬಸವನಹುಳು ಸಿಕ್ಕಿಕೊಂಡಿರುತ್ತದೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ. ನಲ್ಲಿಯ ಕೆಳಗೆ ಫಳಫಳ ತೊಳೆದರೆ ಬ್ಯಾಕ್ಟೀರಿಯಾ ಸತ್ತು ತೊಟ್ಟಿ ಮತ್ತೆ ಹೊಸ ತೊಟ್ಟಿಯ ಗತಿಗೆ ಬರುತ್ತದೆ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ. ಪೈಪಿನ ನಡುವೆ ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಹಾಕಿ, ಅಥವಾ ಪಂಪನ್ನು ಮೇಲಿಡಿ.

ಆಮೆ: ಕಣ್ಣು ಊದಿದೆ, ಚಿಪ್ಪು ಮೆತ್ತಗಾಗಿದೆ, ಓರೆಯಾಗಿ ತೇಲುತ್ತಿದೆ

ನೀರಾಮೆ ಊಟ ಬಿಟ್ಟಿದೆ ಅಂದರೆ ಮೊದಲು ಥರ್ಮಾಮೀಟರ್. ಅದರ ಮೈಬಿಸಿ ಸುತ್ತಲಿನ ಬಿಸಿಯನ್ನೇ ಅವಲಂಬಿಸಿದೆ, ತಣ್ಣಗಾದರೆ ಜೀರ್ಣವಾಗದು. ಕೆಂಪು ಕಿವಿಯ ಸ್ಲೈಡರ್ ಆಮೆಗೆ ನೀರು ಸುಮಾರು 24–27 ಡಿಗ್ರಿ, ಮೈ ಕಾಯಿಸಿಕೊಳ್ಳುವ ಒಣ ಕಟ್ಟೆ 30ರ ಮೇಲೆ ಇರಬೇಕು. ಕಟ್ಟೆಯೇ ಇಲ್ಲದೆ ಬಕೆಟ್ಟಿನಲ್ಲಿ ಇಟ್ಟಿದ್ದರೆ ಬೇರೆ ದೋಷ ಹುಡುಕುವ ಅಗತ್ಯವೇ ಇಲ್ಲ.

ಚಿಪ್ಪಿನ ಮೇಲಿನಿಂದ ತೆಳು ಪಾರದರ್ಶಕ ಹಾಳೆ ಬಿಡುವುದು ಬೆಳವಣಿಗೆ, ಚಿಂತೆ ಬೇಡ. ಬೆಳೆದ ಆಮೆಯ ಚಿಪ್ಪು ಬೆರಳಿಗೆ ಬಾಗಿದರೆ ಸುಣ್ಣದ ಅಂಶ ಮತ್ತು ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ) ಬೆಳಕಿನ ಕೊರತೆ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಯುವಿಬಿ ಕೊಡುವ ಬಲ್ಬ್ ಉರಿಯುತ್ತಿದ್ದರೂ ಆರು ತಿಂಗಳಿಂದ ವರ್ಷದೊಳಗೆ ಅದರ ಯುವಿಬಿ ಕುಗ್ಗಿರುತ್ತದೆ. ಚಿಪ್ಪಿನಲ್ಲಿ ಗುಂಡಿ ಬಿದ್ದು ವಾಸನೆ ಬಂದರೆ ಸೋಂಕು. ಒಣ ಸಿಗಡಿ ಒಂದನ್ನೇ ತಿಂದು ಬೆಳೆದ ಆಮೆಯ ಕಣ್ಣು ಊದಿ ಮುಚ್ಚಿದರೆ ವಿಟಮಿನ್ ಎ ಕೊರತೆಯ ಅನುಮಾನ. ಹಾಗಂತ ಹನಿ ತಂದು ನೀವೇ ಹಾಕಬೇಡಿ, ಹೆಚ್ಚಾದರೂ ಅದು ವಿಷ.

ಓರೆಯಾಗಿ ತೇಲುವುದು, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಇವು ಸೇರಿದರೆ ನ್ಯುಮೋನಿಯಾ ಇರಬಹುದು. ಮನೆಮದ್ದಿಗೆ ಸಮಯವಿಲ್ಲ, ಆಮೆಯನ್ನು ಒಣ ಬಟ್ಟೆ ಹಾಸಿದ ಬೆಚ್ಚನೆ ಡಬ್ಬಿಯಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಿರಿ.

ಆರೋಗ್ಯವಾಗಿ ಕಾಣುವ ಆಮೆಯೂ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದರ ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು ಮುಟ್ಟದಿರುವುದೇ ಒಳ್ಳೆಯದು.

ಹರ್ಮಿಟ್ ಕ್ರ್ಯಾಬ್ ಕಾಣೆಯಾಗಿದೆ, ಅಥವಾ ಸತ್ತಂತೆ ಬಿದ್ದಿದೆ

ಮರಳಿನಡಿ ಹೂತುಕೊಂಡು ವಾರಗಟ್ಟಲೆ ಕಾಣದಿದ್ದರೆ ಅದು ಪೊರೆ ಬಿಡುತ್ತಿದೆ. ಅಗೆಯಬೇಡಿ, ಮೆತ್ತನೆಯ ಹೊಸ ಮೈ ಕದಲಿಸಿದರೆ ಸಾಯುತ್ತದೆ. ಶಂಖದ ಹೊರಗೆ ಕಾಲು ಮೀಸೆ ಸಮೇತ ಬಿದ್ದ ಏಡಿ ಎತ್ತಿದರೆ ಹಗುರ, ಟೊಳ್ಳು ಅನಿಸಿದರೆ ಅದು ಬಿಟ್ಟ ಪೊರೆ, ಏಡಿ ಹತ್ತಿರದಲ್ಲೇ ಇದೆ. ಪೊರೆಯನ್ನೂ ಬಿಸಾಡಬೇಡಿ, ಅದನ್ನೇ ತಿಂದು ಸುಣ್ಣದ ಅಂಶ ಮರಳಿ ಪಡೆಯುತ್ತದೆ. ಕೊಳೆತ ಮೀನಿನ ನಾತ ಬಂದರೆ ಮಾತ್ರ ಸತ್ತಿದೆ. ಇದು ಉಸಿರಾಡುವುದು ಮಾರ್ಪಟ್ಟ ಕಿವಿರಿನಿಂದ, ಗಾಳಿ ಒಣಗಿದರೆ ಉಸಿರು ಕಟ್ಟುತ್ತದೆ. ತೇವಾಂಶ ಶೇ 75–80ರ ಸುತ್ತ ಇರಲಿ.

ಬಸವನಹುಳುವಿನ ಚಿಪ್ಪು ಸವೆಯುತ್ತಿದೆ

ನೀರಿನ ಪಿಎಚ್ 7ಕ್ಕಿಂತ ಕೆಳಗಿದ್ದರೆ ಚಿಪ್ಪಿನ ಸುಣ್ಣ ಕರಗುತ್ತದೆ. ತೊಟ್ಟಿಯಲ್ಲಿ ಕಟಲ್ ಫಿಶ್ ಮೂಳೆಯ (ಒಂದು ಕಡಲಜೀವಿಯ ಸುಣ್ಣದ ಒಳಚಿಪ್ಪು) ತುಂಡು ಹಾಕಿದರೆ ಸುಣ್ಣದ ಅಂಶ ಸಿಗುತ್ತದೆ.

ಎಲ್ಲಿ ನಿಲ್ಲಿಸಬೇಕು

ನೀರಿನ ಪರೀಕ್ಷೆ ಸರಿಯಿದೆ, ಬಿಸಿ ಸರಿಯಿದೆ, ಗಾಳಿ ಸರಿಯಿದೆ, ಆದರೂ ಒಂದೇ ದಿನ ಎರಡಕ್ಕಿಂತ ಹೆಚ್ಚು ಪ್ರಾಣಿ ಸಾಯುತ್ತಿವೆ ಅಂದರೆ ಊಹೆ ಬಿಟ್ಟು ಪಶುವೈದ್ಯರನ್ನು ಹುಡುಕಿ. ಎಲ್ಲ ವೈದ್ಯರೂ ಮೀನು, ಆಮೆ ನೋಡುವುದಿಲ್ಲ, ಫೋನಿನಲ್ಲೇ ಮೊದಲು ಕೇಳಿಕೊಳ್ಳಿ. ಒಯ್ಯುವಾಗ ಮುಚ್ಚಿದ ಸೀಸೆಯಲ್ಲಿ ತೊಟ್ಟಿಯ ನೀರು, ಕಿಟ್ಟಿನ ಅಂಕಿಗಳು, ಕೊಟ್ಟ ಆಹಾರ ಮತ್ತು ಔಷಧಿಯ ಹೆಸರು, ಮೀನು ಈಜುವ ಅರ್ಧ ನಿಮಿಷದ ವಿಡಿಯೊ ಇರಲಿ. ಆಗತಾನೇ ಸತ್ತ ಮೀನಿದ್ದರೆ ಚೀಲದಲ್ಲಿ ಹಾಕಿ ಮಂಜುಗಡ್ಡೆಯ ಮೇಲಿಟ್ಟು ಒಯ್ಯಬಹುದು, ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ, ಪರೀಕ್ಷೆಗೆ ಬೇಕಾದ ಅಂಗಾಂಶ ಹಾಳಾಗುತ್ತದೆ. ಸಾಕಲಾಗದ ಮೀನು, ಆಮೆಯನ್ನು ಕೆರೆಗೆ, ಹೊಳೆಗೆ ಬಿಡಬೇಡಿ, ಅಲ್ಲಿನ ಜೀವಿಗಳಿಗೆ ರೋಗ ಹಬ್ಬುತ್ತದೆ. ಸಾಕಬಲ್ಲವರಿಗೆ ಕೊಡಿ.